ಮುದ್ದೆ ನುಂಗಿ, ಅನ್ನ ಅಗಿಯಿರಿ

ಒಂದು ತುತ್ತು ಬಿಳಿ ಅನ್ನ ತಗೊಳ್ಳಿ. ಸಾರು ಬೇಡ, ಉಪ್ಪಿನಕಾಯಿ ಬೇಡ. ಬಾಯಿಗೆ ಹಾಕಿಕೊಂಡು ಅಗಿಯುತ್ತಾ ಇರಿ, ನುಂಗಬೇಡಿ. ಮೊದಲು ಬರೀ ಸಪ್ಪೆ. ಇನ್ನೂ ಸ್ವಲ್ಪ ಅಗಿಯಿರಿ. ಅನ್ನ ಗಂಜಿಯ ಹಾಗೆ ತೆಳ್ಳಗಾಗುತ್ತದೆ, ನಾಲಿಗೆಗೆ ಸಣ್ಣಗೆ ಸಿಹಿ ಹತ್ತುತ್ತದೆ. ಆ ಸಿಹಿ ಮಾಡಿದ್ದು ನಿಮ್ಮ ಜೊಲ್ಲು.

ಅನ್ನದಲ್ಲಿರುವ ಪಿಷ್ಟ ಅಂದರೆ ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಜೊಲ್ಲಿನಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಆ ಸರವನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಮಾಲ್ಟೋಸ್ ಅನ್ನುವ ಸಣ್ಣ ಸಕ್ಕರೆ ಬಿಡುಗಡೆಯಾಗುತ್ತದೆ. ಜೊಲ್ಲಿಗೆ ಈ ಶಕ್ತಿ ಇದೆ ಅಂತ ಜರ್ಮನಿಯ ವಿಜ್ಞಾನಿ ಲಾಯ್ಕ್ಸ್ 1831ರಲ್ಲೇ ಬರೆದಿದ್ದರು. ಎಂಜಲು ಅಂದರೆ ಮುಖ ಸಿಂಡರಿಸುತ್ತೇವಲ್ಲ, ಅದೇ ದಿನಕ್ಕೆ ಸುಮಾರು ಒಂದು ಲೀಟರ್‌ನಷ್ಟು ಊರಿ ಈ ಕೆಲಸ ಮಾಡುತ್ತದೆ!

ಹಾಗಾದರೆ ಮುದ್ದೆ? ಮಂಡ್ಯ, ಹಾಸನ, ಕೋಲಾರದ ಕಡೆ ಮುದ್ದೆ ಅಗಿದರೆ ನಗುತ್ತಾರೆ. ಮುರಿದು, ಬಸ್ಸಾರಿನಲ್ಲಿ ಅದ್ದಿ, ಗುಳುಕ್ ಅಂತ ನುಂಗಬೇಕು. 'ಅಗಿಯದೇ ನುಂಗಿದರೆ ಜೀರ್ಣ ಆಗಲ್ಲ' ಅಂತ ಮುದ್ದೆ ಉಣ್ಣುವವರನ್ನು ಹೆದರಿಸುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ರಾಗಿಯನ್ನು ಗಿರಣಿಯೇ ನುಣ್ಣಗೆ ಪುಡಿ ಮಾಡಿರುತ್ತದೆ. ಕುದಿಯುವ ನೀರಿನಲ್ಲಿ ಹಿಟ್ಟು ಬೆಂದು, ಕೋಲಿನಲ್ಲಿ ತೊಳಸಿ, ಪಿಷ್ಟ ಉಬ್ಬಿ ಮೆತ್ತಗಾಗಿರುತ್ತದೆ. ಹಲ್ಲಿನ ಕೆಲಸ ಅಡುಗೆಮನೆಯಲ್ಲೇ ಮುಗಿದಿರುತ್ತದೆ. ಮತ್ತೆ, ಪಿಷ್ಟವನ್ನು ಒಡೆಯುವ ದೊಡ್ಡ ಪಾಲು ಕೆಲಸ ನಡೆಯುವುದು ಸಣ್ಣ ಕರುಳಿನಲ್ಲಿ. ಅಲ್ಲಿಗೆ ಮೇದೋಜೀರಕ ಗ್ರಂಥಿ ತನ್ನದೇ ಅಮೈಲೇಸ್ ಕಳಿಸುತ್ತದೆ.

ಅನ್ನ ಹಾಗಲ್ಲ. ಅದು ಅಗುಳು ಅಗುಳಾಗಿಯೇ ಇರುತ್ತದೆ. ಹಲ್ಲು ಒಡೆದು ಕೊಟ್ಟರೆ ತಾನೇ ಜೊಲ್ಲು ಒಳಗೆ ಇಳಿಯುವುದು? ಚೆನ್ನಾಗಿ ಅಗಿದ ತುತ್ತಿನ ಒಳಗೆ ಈ ಕೆಲಸ ಹೊಟ್ಟೆಗೆ ಹೋದ ಮೇಲೂ ಸ್ವಲ್ಪ ಹೊತ್ತು ನಡೆಯುತ್ತದೆ. ಹೊಟ್ಟೆಯ ಆಮ್ಲ ಪೂರ್ತಿ ಬೆರೆತ ಮೇಲೆ ನಿಲ್ಲುತ್ತದೆ.

ಅದಕ್ಕೇ ನನಗೆ ಸಂಕಟ ಆಗುವುದು ಮಕ್ಕಳ ಊಟ ನೋಡಿದಾಗ. ಕೈಯಲ್ಲಿ ಮೊಬೈಲ್, ಬಾಯಿಗೆ ಅನ್ನ ತುರುಕುವುದು, ನೀರು ಕುಡಿಸಿ ಇಳಿಸುವುದು. ಬೇಗ ಮುಗಿದರೆ ಸಾಕು ಅನ್ನುವ ಅವಸರ. ಮಗುವಿಗೆ ಅನ್ನದ ರುಚಿಯೇ ಗೊತ್ತಾಗಲ್ಲ, ಅಲ್ವಾ?

ಹೋದ ವಾರ ಅಣ್ಣನ ಮಗಳಿಗೆ ಮೊಬೈಲ್ ಪಕ್ಕಕ್ಕಿಟ್ಟು ಸುಮ್ನೆ ಒಂದು ತುತ್ತು ಬರೀ ಅನ್ನ ಕೊಟ್ಟೆ. 'ಸಿಹಿ ಆದಾಗ ಹೇಳು' ಅಂದೆ. ಕೆನ್ನೆ ಉಬ್ಬಿಸಿಕೊಂಡು ಅಗಿದಳು, ಅಗಿದಳು. ಆಮೇಲೆ ಕಣ್ಣು ದೊಡ್ಡದು ಮಾಡಿ ಕೇಳಿದಳು: 'ಅತ್ತೆ, ಇದಕ್ಕೆ ಸಕ್ಕರೆ ಹಾಕಿದ್ಯಾ?'