ನೆರಳಿಗೆ ಕಪ್ಪು ಬೇಡ

ಕೇಳುಗರಿಗೆ ನಮಸ್ಕಾರ. ಮಕ್ಕಳ ಬಣ್ಣದ ಪೆನ್ಸಿಲ್ ಡಬ್ಬಿ ತೆಗೆದು ನೋಡಿ. ಹೆಚ್ಚಾಗಿ ಕಪ್ಪು ಪೆನ್ಸಿಲ್ಲೇ ಎಲ್ಲಕ್ಕಿಂತ ಮೊದಲು ಸವೆದಿರುತ್ತದೆ, ಅಲ್ವಾ? ಗೆರೆಗೂ ಅದೇ, ನೆರಳಿಗೂ ಅದೇ. ಗೆರೆಗೆ ಇರಲಿ. ನೆರಳಿಗೆ ಮಾತ್ರ ಅದನ್ನು ಮುಟ್ಟಬೇಡಿ.

ಒಂದು ನಿಂಬೆಹಣ್ಣನ್ನು ಕಿಟಕಿ ಪಕ್ಕ ಬಿಳಿ ಹಾಳೆಯ ಮೇಲಿಡಿ. ಟ್ಯೂಬ್‌ಲೈಟ್ ಆರಿಸಿ. ಎರಡು ಕಡೆಯಿಂದ ಬೆಳಕು ಬಂದರೆ ಎರಡು ನೆರಳು, ಕಲಿಯುವವರಿಗೆ ಸುಮ್ನೆ ತಲೆನೋವು. ಈಗ ಕಣ್ಣನ್ನು ಅರ್ಧ ಮುಚ್ಚಿ ನೋಡಿ. ಕಿಟಕಿ ಕಡೆ ಒಂದು ಹೊಳಪಿನ ಚುಕ್ಕೆ ಕಾಣುತ್ತದೆ. ನಿಮ್ಮ ಚಿತ್ರದಲ್ಲಿ ಅಲ್ಲಿಗೆ ಹಾಳೆಯ ಬಿಳಿಯೇ ಸಾಕು. ಆಚೆ ಬದಿಗೆ ಹೋದಂತೆ ಹಳದಿ ಮಂಕಾಗುತ್ತದೆ. ಆದರೆ ತಳದ ಅಂಚು ನೋಡಿ, ಮತ್ತೆ ತುಸು ತಿಳಿಯಾಗಿದೆ! ಹಾಳೆಗೆ ಬಿದ್ದ ಬೆಳಕು ಪುಟಿದು ಹಣ್ಣಿಗೆ ತಾಗುತ್ತಿದೆ. ಆ ತೆಳು ಪಟ್ಟಿ ಬಿಟ್ಟುಹೋದರೆ ನಿಂಬೆ ಚಪ್ಪಟೆ ಕಾಣುತ್ತದೆ.

ಮಂಕಾದ ಭಾಗಕ್ಕೆ ಏನು ಹಾಕುವುದು? ಹಳದಿ ಮೇಲೆ ಕಪ್ಪು ತಿಕ್ಕಿದರೆ ಕೊಳಕು ಹಸಿರು ಬರುತ್ತದೆ. ಅದರ ಬದಲು ತಿಳಿ ಕಂದು ಹಾಕಿ, ಮೇಲೊಂದು ಹಗುರ ನೇರಳೆ ಕೊಡಿ. ನೇರಳೆ ಹಳದಿಗೆ ಎದುರು ಬಣ್ಣ, ಅಂದರೆ ಬಣ್ಣದ ಚಕ್ರದಲ್ಲಿ ಅದರ ಎದುರಿಗೆ ಬರುವ ಬಣ್ಣ. ಹಳದಿಯ ಅಬ್ಬರ ಇಳಿಸುತ್ತದೆ, ಆದರೆ ಕಳೆ ಕೆಡಿಸುವುದಿಲ್ಲ. ಶುರುವಿನಲ್ಲೇ ಒತ್ತಬೇಡಿ. ಪೆನ್ಸಿಲ್ಲಿನ ಮೇಣ ಹಾಳೆಗೆ ಮೆತ್ತಿಕೊಂಡರೆ ಮುಂದಿನ ಬಣ್ಣ ಹಿಡಿಯುವುದೇ ಇಲ್ಲ.

ಪಕ್ಕದ ಬಣ್ಣದ ಕಿತಾಪತಿಯೂ ಇದೆ. ಪ್ಯಾರಿಸ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲು ಸಪ್ಪೆಯಾಗಿದೆ ಅಂತ ದೂರು ಬಂದಿತ್ತು. ಅಲ್ಲಿ ಬಣ್ಣದ ಕೆಲಸ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಶೆವ್ರಲ್ ಪರೀಕ್ಷಿಸಿದರು. ನೂಲು ಸರಿಯಾಗೇ ಇತ್ತು. ಪಕ್ಕದ ನೀಲಿ, ನೇರಳೆ ಎಳೆಗಳು ಅದನ್ನು ಮಂಕಾಗಿ ಕಾಣಿಸುತ್ತಿದ್ದವು. 1839ರಲ್ಲಿ ಅವರು ಇದರ ಬಗ್ಗೆ ದಪ್ಪ ಪುಸ್ತಕವನ್ನೇ ತಂದರು. ನಿಮ್ಮ ನಿಂಬೆ ಹೊಳೆಯುತ್ತಿಲ್ಲವೇ? ಹಳದಿ ಜಾಸ್ತಿ ಮಾಡಬೇಡಿ, ಅದರ ಹಿನ್ನೆಲೆಗೆ ನೇರಳೆ ಬೆರೆತ ಬೂದು ಹಾಕಿ. ಎದುರು ಬಣ್ಣ ಮೇಲೆ ಬಿದ್ದರೆ ಹಳದಿ ಮಂಕಾಗುತ್ತದೆ, ಪಕ್ಕದಲ್ಲಿದ್ದರೆ ಎದ್ದು ಕಾಣುತ್ತದೆ.

ಹಾಳೆ ಮೇಲೆ ಬಿದ್ದ ನೆರಳು ಹಣ್ಣು ತಾಗುವಲ್ಲಿ ದಟ್ಟ, ದೂರ ಹೋದಂತೆ ತೆಳು. ಬಿಸಿಲಲ್ಲಾದರೆ ಅದಕ್ಕೆ ನೀಲಿ ಛಾಯೆ ಇರುತ್ತದೆ. ಬಿಸಿಲು ಮರೆಯಾದರೂ ಆಕಾಶದ ಬೆಳಕು ಅಲ್ಲಿಗೆ ಬೀಳುತ್ತಲೇ ಇರುತ್ತದೆ. ಫ್ರಾನ್ಸಿನ ಚಿತ್ರಕಾರ ಮೋನೆ 1890-91ರಲ್ಲಿ ಹೊಲದ ಬಣವೆಗಳನ್ನು ಬರೆದಾಗ ಹಿಮದ ಮೇಲಿನ ನೆರಳಿಗೆ ನೀಲಿಯನ್ನೇ ಬಳಿದರು.

ನಿಂಬೆ ಆದಮೇಲೆ ಟೊಮೆಟೊ ಇಟ್ಟು ನೋಡಿ. ಕೆಂಪಿಗೆ ಎದುರು ಹಸಿರು. ಆದರೆ ಹಸಿರು ತೀರಾ ಸ್ವಲ್ಪ ಸಾಕು, ಇಲ್ಲದಿದ್ದರೆ ಇಡೀ ಹಣ್ಣು ಕಂದಾಗಿಬಿಡುತ್ತದೆ. ನಮಸ್ಕಾರ.