ಜೇನುಪೆಟ್ಟಿಗೆಯ ಬಿಸಿಲು ಬೇಗೆ

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ನಮ್ಮ ನಾಡಿನ ಸಾಕುಜೇನಾದ ತುಡುವೆ ಜೇನಿನ ಪೆಟ್ಟಿಗೆಯ ಬಾಗಿಲನ್ನು ಪಕ್ಕದಲ್ಲಿ ಕೂತು ಗಮನಿಸಿ. ಒಂದಷ್ಟು ನೊಣಗಳು ಕಾಲೂರಿ ನಿಂತು, ಹಾರದೆ, ರೆಕ್ಕೆ ಮಾತ್ರ ಬಡಿಯುತ್ತಿರುತ್ತವೆ. ತಲೆ ಅಂಗಳದ ಕಡೆಗೆ, ಬೆನ್ನು ಬಾಗಿಲಿಗೆ. ಅಂದರೆ ಹೊರಗಿನ ಗಾಳಿಯನ್ನು ಒಳಕ್ಕೆ ನೂಕುತ್ತಿವೆ. ಯುರೋಪಿನ ಮೆಲ್ಲಿಫೆರಾ ಜೇನಿನದು ಇದಕ್ಕೆ ತದ್ವಿರುದ್ಧ: ಬಾಗಿಲಿಗೆ ಮುಖ ಮಾಡಿ ನಿಂತು ಒಳಗಿನ ಬಿಸಿಗಾಳಿಯನ್ನು ಹೊರಕ್ಕೆಳೆಯುತ್ತದೆ. ಎರಡನ್ನೂ ಸಾಕುವವರು ನಿಂತ ಭಂಗಿ ನೋಡಿಯೇ ಜಾತಿ ಹೇಳಬಹುದು.

ಈ ದುಡಿತವೆಲ್ಲ ಮರಿಗಳಿಗಾಗಿ. ಮರಿ ಬೆಳೆಯುವ ಸಂಸಾರ ಕೋಣೆಯಲ್ಲಿ ಮರಿಯಿರುವ ಎರಿಯ, ಅಂದರೆ ಮೇಣದ ಹಟ್ಟಿನ, ಶಾಖ 33ರಿಂದ 36 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಅದರಲ್ಲೂ ಮುಚ್ಚಳ ಹಾಕಿದ ಕಣದೊಳಗೆ ಹುಳುವಿನಿಂದ ನೊಣವಾಗಿ ಮಾರ್ಪಡುತ್ತಿರುವ ಕೋಶಾವಸ್ಥೆಯ ಮರಿ ಬಹಳ ಸೂಕ್ಷ್ಮ. ಒಂದೆರಡು ಡಿಗ್ರಿ ಕಡಿಮೆಯಾದರೂ ನೊಣ ಹುಟ್ಟುತ್ತದೆ, ನಿಜ. ಆದರೆ 32 ಡಿಗ್ರಿಯಲ್ಲಿ ಬೆಳೆದ ಮೆಲ್ಲಿಫೆರಾ ನೊಣಗಳು ಕಲಿಕೆಯಲ್ಲೂ ಮೇವಿನ ದಾರಿ ಹೇಳುವ ಕುಣಿತದಲ್ಲೂ ಹಿಂದೆ ಬಿದ್ದದ್ದು ಪ್ರಯೋಗಗಳಲ್ಲಿ ಕಂಡಿದೆ.

ಶಾಖ ಅಳೆಯುವ ಸಾಧನ ನೊಣದ ಮೀಸೆ. ಮೀಸೆಯ ತುದಿ ಕಡೆಯ ಗೆಣ್ಣುಗಳಲ್ಲಿ ಸಣ್ಣ ಸಣ್ಣ ಗುಳಿಗಳಿವೆ, ಅವುಗಳೊಳಗೆ ಶಾಖ ಗ್ರಹಿಸುವ ನರಕೋಶಗಳು. ಸುಮಾರು ಕಾಲು ಡಿಗ್ರಿ ವ್ಯತ್ಯಾಸವೂ ನೊಣಕ್ಕೆ ತಿಳಿಯುತ್ತದೆ. ಹಾಗಾದರೆ ಬಿಸಿಯೇರಿದ ಕೂಡಲೇ ಎಲ್ಲವೂ ಒಟ್ಟಿಗೆ ರೆಕ್ಕೆ ಬಡಿಯಬೇಕಲ್ಲ? ಬಡಿಯುವುದಿಲ್ಲ. ರಾಣಿ ಹಲವು ಗಂಡುನೊಣಗಳೊಂದಿಗೆ ಕೂಡಿರುತ್ತಾಳೆ. ಒಬ್ಬ ತಂದೆಯ ಮಕ್ಕಳು ಸ್ವಲ್ಪ ಬಿಸಿಗೇ ಎದ್ದರೆ, ಇನ್ನೊಬ್ಬ ತಂದೆಯ ಮಕ್ಕಳು ಗೂಡು ಇನ್ನಷ್ಟು ಬಿಸಿಯಾದ ಮೇಲೆ ಏಳುತ್ತವೆ. ಎಲ್ಲಕ್ಕೂ ಒಂದೇ ಅಳತೆ ಇದ್ದಿದ್ದರೆ ಗೂಡು ಗಳಿಗೆಗೊಮ್ಮೆ ಬಿಸಿ, ಗಳಿಗೆಗೊಮ್ಮೆ ತಣ್ಣಗೆ ಓಲಾಡುತ್ತಿತ್ತು.

ಚಳಿಗೆ ಉಪಾಯ ಬೇರೆ. ರೆಕ್ಕೆಯನ್ನು ಆಡಿಸದೆ ಹಾರುವ ಸ್ನಾಯುಗಳನ್ನಷ್ಟೇ ನಡುಗಿಸಿ, ಎದೆಯ ಭಾಗವನ್ನು 40 ಡಿಗ್ರಿ ದಾಟುವಷ್ಟು ಕಾಯಿಸಿಕೊಂಡು, ಎದೆಯನ್ನು ಮರಿಯ ಮುಚ್ಚಳಕ್ಕೆ ಒತ್ತಿ ನಿಲ್ಲುತ್ತವೆ. ಇದಕ್ಕೆ ಇಂಧನ ಜೇನುತುಪ್ಪ. ಮಳೆಗಾಲದಲ್ಲಿ ತುಪ್ಪ ಪೂರ್ತಿ ಕಿತ್ತ ಪೆಟ್ಟಿಗೆಯಲ್ಲಿ ಎರಿಯ ಅಂಚಿನ ಮರಿಗಳು ಸತ್ತಿದ್ದರೆ ರೋಗವೆಂದು ಗಾಬರಿಯಾಗುವ ಮೊದಲು ಇದನ್ನು ಯೋಚಿಸಿ. ತುಪ್ಪವೂ ನೊಣವೂ ಸಾಲದೆ ನೊಣಗಳು ನಡುಭಾಗಕ್ಕೆ ಸರಿದುಕೊಂಡಿವೆ, ಅಂಚು ತಣ್ಣಗಾಗಿದೆ. ಬಲವಿಲ್ಲದ ಕುಟುಂಬದಲ್ಲಿ ಮರಿಯ ಎರಿಗಳ ನಡುವೆ ಖಾಲಿ ಚೌಕಟ್ಟು ತೂರಿಸುವುದೂ ಇದೇ ತಪ್ಪು. ಒಂದು ಒಲೆಯನ್ನು ಎರಡು ಮಾಡಿದ ಹಾಗೆ.

ಬೇಸಗೆಗೆ ಬರೋಣ. ಗಾಳಿ ಸಾಲದಾದಾಗ ನೊಣಗಳು ನೀರು ತರುತ್ತವೆ. ಎರಿಯ ಮೇಲೆ ಸಣ್ಣ ಹನಿಗಳಾಗಿ ಹಚ್ಚುತ್ತವೆ, ಇಲ್ಲವೇ ನಾಲಿಗೆಯ ಮೇಲೆ ತೆಳ್ಳಗೆ ಹರಡಿ ಹಿಡಿಯುತ್ತವೆ, ಉಳಿದವು ಗಾಳಿ ಬೀಸುತ್ತವೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. 58 ಗ್ರಾಂ ನೀರನ್ನು 10 ಡಿಗ್ರಿ ತಣಿಸುವಷ್ಟು ಶಾಖ ಅದು.

ಆದ್ದರಿಂದ ಮೊದಲು ನೀರು. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಬೆಣಚುಕಲ್ಲು, ಕಡ್ಡಿ ಹಾಕಿ ನೀರು ತುಂಬಿ, ಪೆಟ್ಟಿಗೆಯ ಹತ್ತಿರ ನೆರಳಿನಲ್ಲಿಡಿ. ಕಲ್ಲಿಲ್ಲದಿದ್ದರೆ ನೊಣ ಮುಳುಗಿ ಸಾಯುತ್ತದೆ. ಬಿಸಿಲೇರುವ ಮೊದಲೇ ಇಡಿ, ಒಂದು ದಿನವೂ ಒಣಗಲು ಬಿಡಬೇಡಿ. ಒಮ್ಮೆ ಕೊಟ್ಟಿಗೆಯ ಗಂಜಲದ ಗುಂಡಿಯೋ ಪಕ್ಕದ ಮನೆಯ ಬಚ್ಚಲೋ ರೂಢಿಯಾಯಿತೆಂದರೆ ತಿರುಗಿಸುವುದು ಕಷ್ಟ. ಇರುವೆ ತಡೆಯಲು ಸ್ಟ್ಯಾಂಡಿನ ಕಾಲಿಗಿಟ್ಟ ಬಟ್ಟಲಿನ ನೀರು ಇದಕ್ಕೆ ಸಾಲದು.

ಪೆಟ್ಟಿಗೆಗೆ ಮಧ್ಯಾಹ್ನದ ನೆರಳು ಬೇಕು, ಬೆಳಗಿನ ಎಳೆಬಿಸಿಲು ಬಿದ್ದರೆ ಒಳ್ಳೆಯದೇ. ಮಳೆಗಾಲದಲ್ಲಿ ಕಿರಿದು ಮಾಡಿದ್ದ ಬಾಗಿಲನ್ನು ಈಗ ಪೂರ್ತಿ ತೆರೆಯಿರಿ. ಮೇಲ್ಮುಚ್ಚಳದ ಮೇಲೆ ಒದ್ದೆ ಗೋಣಿಚೀಲ ಹಾಕುವ ಪದ್ಧತಿ ಸರಿ, ಆದರೆ ಮುಚ್ಚಳದ ಮೇಲೆ ಮಾತ್ರ. ಸುತ್ತಲೂ ಗೋಣಿ ಸುತ್ತಿ ನೀರೆರೆದರೆ ಒಳಗೆ ತೇವ ತುಂಬಿ, ನೊಣ ಹಚ್ಚಿದ ನೀರು ಆವಿಯಾಗುವುದೇ ಇಲ್ಲ. ತಂಪು ಮಾಡಲು ಹೋಗಿ ಅವುಗಳ ತಂಪು ವ್ಯವಸ್ಥೆಯನ್ನೇ ಕೆಡಿಸಿದಂತೆ.

ಸಂಜೆ ಬಾಗಿಲ ಹೊರಗೆ ನೊಣಗಳು ಗಡ್ಡದ ಹಾಗೆ ಜೋತುಬಿದ್ದಿದ್ದರೆ ಎಲ್ಲರೂ ಅದು ಕುಟುಂಬ ಪಾಲಾಗುವ, ಅಂದರೆ ಒಂದು ಗುಂಪು ಬೇರೆ ಗೂಡಿಗೆ ಹೊರಡುವ, ಲಕ್ಷಣ ಅನ್ನುತ್ತಾರೆ. ಹಲವು ಸಲ ಅದು ಬರೀ ಸೆಕೆ, ಒಳಗಿನ ಮೈಬಿಸಿ ಇಳಿಸಲು ಹೊರಬಂದಿವೆ. ಹೊಸ ರಾಣಿ ಬೆಳೆಯುವ ರಾಣಿಕಣ ಕಟ್ಟಿವೆಯೇ ನೋಡಿದರೆ ಖಾತ್ರಿಯಾಗುತ್ತದೆ.

ಪೆಟ್ಟಿಗೆ ಸಾಗಿಸುವಾಗ ಆಗುವ ಅನಾಹುತವೇ ದೊಡ್ಡದು. ಬಾಗಿಲಿಗೆ ಹಲಗೆ ಬಡಿದು ಹಗಲು ಹೊತ್ತು ಟೆಂಪೊಗೆ ಏರಿಸಿದರೆ, ಸಿಕ್ಕಿಬಿದ್ದ ನೊಣಗಳು ಗಾಬರಿಯಿಂದ ಮೈಕಾಯಿಸುತ್ತವೆ, ಗಾಳಿ ಆಡುವುದಿಲ್ಲ. ಮೇಣ ಕರಗುವುದು 62 ಡಿಗ್ರಿಯ ಆಚೆಯಾದರೂ 40 ದಾಟಿದರೆ ಸಾಕು, ಮೆತ್ತಗಾಗುತ್ತದೆ. ತುಪ್ಪ ತುಂಬಿದ ಎರಿ ಕಳಚಿ ಬೀಳುತ್ತದೆ, ನೊಣಗಳು ಅದರಲ್ಲೇ ಮುಳುಗುತ್ತವೆ. ಹಾಗಾಗಿ ಕತ್ತಲಾಗಿ ಎಲ್ಲವೂ ಗೂಡು ಸೇರಿದ ಮೇಲೆ ಬಾಗಿಲಿಗೆ ತಂತಿಜಾಲರಿ ಹಾಕಿ, ಎರಿಗಳು ಗಾಡಿ ಸಾಗುವ ದಿಕ್ಕಿಗೆ ಅಡ್ಡವಾಗದೆ ಉದ್ದಕ್ಕಿರುವಂತೆ ಇಟ್ಟು, ಬೆಳಕು ಹರಿಯುವ ಮೊದಲು ಊರು ಸೇರಿಸಿ. ಇಳಿಸಿದ ಕೂಡಲೇ ಜಾಲರಿ ತೆಗೆಯಿರಿ, ಪಕ್ಕದಲ್ಲೇ ನೀರಿನ ತಟ್ಟೆ ಇಡಿ.

ನಮಸ್ಕಾರ.