ಲಂಗರಿನ ಶಾಕಲ್ ಮತ್ತು ಕಳಚಿಹೋದ ಪಿನ್ನು

ನಮಸ್ಕಾರ. ಮುನಿರಾಬಾದ್ ಸಮೀಪದ ತುಂಗಭದ್ರಾ ಹಿನ್ನೀರಿನ ದಡದಲ್ಲಿ ನಮ್ಮ ಫೈಬರ್ ದೋಣಿಯ ಪಕ್ಕ ಕುಳಿತಿದ್ದೇನೆ. ಕೈಯಲ್ಲಿರುವುದು ಲಂಗರನ್ನು ಸರಪಳಿಗೆ ಕೂಡಿಸುವ ಹೊಸ ಶಾಕಲ್, ಅಂದರೆ ಬಿಲ್ಲಿನಂತೆ ಬಾಗಿದ ಲೋಹದ ಕೊಂಡಿ; ಅದರ ಬಾಯಿಯನ್ನು ಅಡ್ಡಲಾಗಿ ಮುಚ್ಚುವುದು ತಿರುಪಿನ ಪಿನ್ನು. ಹಳೆಯದು ಏನಾಯಿತೆಂಬುದನ್ನು ಮೊದಲು ಹೇಳುತ್ತೇನೆ.

ಕಳೆದ ಆಷಾಢದಲ್ಲಿ, ಜಲಾಶಯಕ್ಕೆ ಹೊಸ ನೀರು ಬರುತ್ತಿದ್ದ ದಿನಗಳಲ್ಲಿ, ಸಂಜೆ ಲಂಗರು ಹಾಕಿ ಬಿಟ್ಟಿದ್ದ ದೋಣಿ ಬೆಳಗಾಗುವಷ್ಟರಲ್ಲಿ ಆಚೆಯ ಬಂಡೆಗಳಿಗೆ ಬಡಿದು ಒಂದು ಮಗ್ಗುಲು ಸೀಳಿಹೋಗಿತ್ತು. ಹಗ್ಗ ಹರಿದಿರಬೇಕೆಂದು ಎಳೆದು ನೋಡಿದರೆ ಹಗ್ಗ ಗಟ್ಟಿಯಾಗಿತ್ತು, ಸರಪಳಿಯೂ ಪೂರ್ತಿ ಇತ್ತು. ಅದರ ತುದಿಯಲ್ಲಿ ಶಾಕಲ್‌ನ ಬಿಲ್ಲು ಒಂದು ಗೀರೂ ಇಲ್ಲದೆ ತೂಗುತ್ತಿತ್ತು, ಪಿನ್ನು ಮಾತ್ರ ಇರಲಿಲ್ಲ. ಕಾಕಾ ಅದನ್ನು ತಿರುಗಿಸಿ ನೋಡಿ, ‘ಪಿನ್ನಿಗೆ ತಂತಿ ಸುತ್ತಿದ್ದೇನೋ ತಮ್ಮಾ?’ ಎಂದು ಕೇಳಿದರು. ಸುತ್ತಿರಲಿಲ್ಲ. ರಾತ್ರಿಯಿಡೀ ಗಾಳಿಗೆ ದೋಣಿ ಹೊರಳಿದಂತೆಲ್ಲ ಪಿನ್ನು ಕೂದಲೆಳೆಯಷ್ಟೇ ತಿರುಗುತ್ತ ತಿರುಗುತ್ತ ಕೊನೆಗೆ ಕಳಚಿಕೊಂಡಿತ್ತು. ಆ ಲಂಗರು ಇಂದಿಗೂ ನೀರಿನ ತಳದಲ್ಲಿದೆ. ದುರಸ್ತಿಗೆ 6,500 ರೂಪಾಯಿ ಹೋಯಿತು. ಸುತ್ತಬೇಕಿದ್ದ ತಂತಿಗೆ 5 ರೂಪಾಯಿಯೂ ಆಗುತ್ತಿರಲಿಲ್ಲ. ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹೊಸದನ್ನು ತರಲು ಹೋದಾಗ ಒಂದು ಅಂಗಡಿಯಲ್ಲಿ ಕನ್ನಡಿಯಂತೆ ಹೊಳೆಯುವ ಸ್ಟೀಲ್ ಶಾಕಲ್ ತೋರಿಸಿದರು. ಎಷ್ಟು ಭಾರ ತಡೆಯುತ್ತದೆಂದು ಕೇಳಿದರೆ ‘ಎಷ್ಟಾದರೂ ತಡೆಯುತ್ತದೆ’ ಎಂಬ ಉತ್ತರ ಬಂತು. ಮೈಮೇಲೆ ಅಚ್ಚೊತ್ತಿದ ಒಂದು ಅಂಕಿಯೂ ಇಲ್ಲದ ಶಾಕಲ್ಲನ್ನು, ಎಷ್ಟೇ ದಪ್ಪವಿರಲಿ, ದಯವಿಟ್ಟು ಕೊಳ್ಳಬೇಡಿ. ಈಗ ನಾನು ತಂದಿರುವುದು ಸತುವಿನ ಲೇಪವಿರುವ, 1 ಟನ್ ಎಂದು ಅಚ್ಚಾಗಿರುವ, ಬಿಲ್ಲಿನಾಕಾರದ 10 ಮಿ.ಮೀ. ಶಾಕಲ್. ಇದರ ಪಿನ್ನು ಬಿಲ್ಲಿಗಿಂತ ದಪ್ಪ, 11 ಮಿ.ಮೀ.; 8 ಮಿ.ಮೀ. ಸರಪಳಿಯ ಕೊಂಡಿಯೊಳಗೆ ಅದು ಹೋಗದೆಯೂ ಇರಬಹುದು. ಆದ್ದರಿಂದ ಸರಪಳಿಯ ತುಂಡನ್ನು ಜೊತೆಗೇ ಒಯ್ದು ಅಂಗಡಿಯಲ್ಲೇ ಕೂಡಿಸಿ ನೋಡಿದೆ.

ಅಚ್ಚಿನ ಅಂಕಿ ನೇರ ಎಳೆತಕ್ಕೆ ಸಂಬಂಧಿಸಿದ್ದು. ಎಳೆತ 45 ಡಿಗ್ರಿ ಓರೆಯಾದರೆ ಸುಮಾರು ಶೇ. 70ರಷ್ಟನ್ನು, ಪೂರ್ತಿ ಅಡ್ಡವಾದರೆ ಅರ್ಧದಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಗಾಳಿ ದಿಕ್ಕು ಬದಲಿಸಿದಾಗ ನಮ್ಮ ದೋಣಿ ಎಳೆಯುವುದು ಹೀಗೆ ಅಡ್ಡಕ್ಕೇ. ಸರಪಳಿ ಸುರುಳಿ ಸುತ್ತದಂತೆ ನಡುವೆ ಹಾಕುವ ತಿರುಗುವ ಕೊಂಡಿ, ಅಂದರೆ ಸ್ವಿವೆಲ್, ಬೇಕೇ ಬೇಕೆಂದು ಮೊದಲು ನಾನೇ ವಾದಿಸುತ್ತಿದ್ದೆ. ಈಗ ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಅಡ್ಡ ಎಳೆತಕ್ಕೆ ಅದರ ದವಡೆಯೇ ಬಾಗುತ್ತದೆ, ಸರಪಳಿಯ ಸುರುಳಿಯಾದರೋ ಲಂಗರು ಎತ್ತುವಾಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ಸಣ್ಣ ದೋಣಿಗೆ ಅದು ಬೇಡ.

ದೂರದಲ್ಲಿ ಕಾಣುತ್ತಿರುವುದು ಅಣೆಕಟ್ಟೆಯ 33 ಗೇಟುಗಳ ಸಾಲು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದು ಈ ಭಾಗದ ರೈತರಿಗೆಲ್ಲ ನೆನಪಿದೆ. ಮುಂದಿನ ಬೆಳೆಗೆ ನೀರು ಉಳಿದೀತೇ ಎಂದು ನಮ್ಮ ಮನೆಯಲ್ಲೂ ಯಾರಿಗೂ ನಿದ್ದೆ ಹತ್ತಿರಲಿಲ್ಲ. ಇರಲಿ, ಬೆಳಕು ಇಳಿಯುತ್ತಿದೆ, ತಂತಿಯ ಕೆಲಸ ತೋರಿಸಬೇಕು.

ಪಿನ್ನನ್ನು ಸ್ಪ್ಯಾನರಿನಿಂದ ಬಿಗಿ ಮಾಡಿದ ಮೇಲೆ, ಅದರ ಕಿವಿಯ ತೂತಿನಿಂದ ಜಿಐ (ಸತುವಿನ ಲೇಪದ ಕಬ್ಬಿಣದ) ತಂತಿ ತೂರಿಸಿ, ಬಿಲ್ಲಿನ ಕಾಲಿಗೆ ಎರಡು ಮೂರು ಸುತ್ತು ಹಾಕಿ, ಕೈಗೆ ಚುಚ್ಚದಂತೆ ತುದಿಯನ್ನು ಒಳಕ್ಕೆ ಮಡಿಚುತ್ತಿದ್ದೇನೆ. ಮನೆಯಲ್ಲಿ ಉಳಿದ ಕರೆಂಟಿನ ತಾಮ್ರದ ತಂತಿಯನ್ನು ಬಳಸಬೇಡಿ. ನೀರಿನಲ್ಲಿ ತಾಮ್ರದ ಸಂಗಡವಿದ್ದರೆ ಸತುವಿನ ಲೇಪ ಬೇಗ ಸವೆಯುತ್ತದೆ.

ಹಗ್ಗದ ಕುಣಿಕೆಯೊಳಗೆ ಲೋಹದ ಥಿಂಬಲ್, ಅಂದರೆ ಕುಣಿಕೆಗೆ ಒಳಗಿನಿಂದ ಕೂರುವ ತಗಡಿನ ಬಳೆ ಇದೆ; ಹಾಗಾಗಿ ಸರಪಳಿ ಹಗ್ಗವನ್ನು ತಿನ್ನುವುದಿಲ್ಲ. ಇಲ್ಲಿ ದೋಣಿಯ ಮೂತಿಯಿಂದ ತಳಕ್ಕೆ 3 ಮೀಟರ್; ಅದರ ಏಳು ಪಟ್ಟು, ಅಂದರೆ ಹಗ್ಗ ಸರಪಳಿ ಸೇರಿ 21 ಮೀಟರ್ ಬಿಡುತ್ತಿದ್ದೇನೆ. ನೀರು ಏರಿದರೆ ನಾಳೆ ಬೆಳಿಗ್ಗೆ ಬಂದು ಇನ್ನಷ್ಟು ಬಿಡಬೇಕು, ತಂತಿಯನ್ನೂ ಒಮ್ಮೆ ಎತ್ತಿ ನೋಡಬೇಕು.